ಪ್ರಮಾಣಪತ್ರದಿಂದ ಪಾಸ್‌ಪುಸ್ತಕದವರೆಗೆ: ಕಲಿತ ಕೌಶಲವನ್ನು ಸ್ವಂತ ದುಡಿಮೆಯಾಗಿಸುವುದು ಹೇಗೆ?

ಹಳ್ಳಿಯೊಂದರಲ್ಲಿ ಮೂವತ್ತು ಮಹಿಳೆಯರಿಗೆ ಉಚಿತ ಹೊಲಿಗೆ ತರಬೇತಿ ನಡೆದು, ಸಮಾರೋಪದ ದಿನ ಪ್ರಮಾಣಪತ್ರ ಹಂಚಿ ಫೋಟೊ ತೆಗೆಸಿಕೊಂಡ ಆರು ತಿಂಗಳ ನಂತರ ಅಲ್ಲಿಗೆ ಹೋಗಿ ನೋಡಿದರೆ, ಹೊಲಿಗೆಯಿಂದ ಪ್ರತಿ ತಿಂಗಳೂ ಆದಾಯ ಕಾಣುತ್ತಿರುವವರು ಬೆರಳೆಣಿಕೆಯಷ್ಟೇ ಇರುವುದು ಅಪರೂಪವೇನಲ್ಲ. ಅವರ ಕೈಯಲ್ಲಿ ಕಸುಬಿಲ್ಲ ಎಂದು ಇದರ ಅರ್ಥವಲ್ಲ. ಕಲಿಯುವ ಮೊದಲು ಮತ್ತು ಕಲಿತ ನಂತರ ಮಾಡಬೇಕಾದ ಕೆಲಸಗಳನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ, ಅಷ್ಟೆ. ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗೆ, ಅಂದರೆ ಜನರ ಬಾಯಲ್ಲಿ ಆರ್‌ಸೆಟಿ ಅಥವಾ ರುಡ್‌ಸೆಟ್ ಎನಿಸಿಕೊಂಡ ಸಂಸ್ಥೆಗೆ, ಹೋಗಬೇಕೆಂದಿರುವ ಮಹಿಳೆಯರನ್ನು ಮನಸ್ಸಿನಲ್ಲಿಟ್ಟುಕೊಂಡು ಆ ಕೆಲಸಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಊರಿನ ಬೇಡಿಕೆ ನೋಡಿ, ಆಮೇಲೆ ಕಸುಬು ಆರಿಸಿ

ಹೊಲಿಗೆ, ಕಸೂತಿ, ಬ್ಯೂಟಿ ಪಾರ್ಲರ್ ಈ ಮೂರರಾಚೆಗೆ ಹೆಂಗಸರಿಗೆ ಬೇರೆ ಕಸುಬೇ ಇಲ್ಲವೇನೋ ಎನ್ನುವಂತೆ ನಮ್ಮ ತರಬೇತಿಗಳು ನಡೆದುಬಂದಿವೆ. ಹೊಲಿಗೆ ಒಳ್ಳೆಯ ಕಸುಬೇ ಹೌದು. ಆದರೆ ಒಂದೇ ಬೀದಿಯಲ್ಲಿ ಹತ್ತು ಮಂದಿ ರವಿಕೆ ಹೊಲಿಯತೊಡಗಿದರೆ ದರ ಬೀಳುತ್ತದೆಯೇ ಹೊರತು ಗಿರಾಕಿಗಳು ಹೆಚ್ಚುವುದಿಲ್ಲ. ಆದ್ದರಿಂದ ಅರ್ಜಿ ಹಾಕುವ ಮೊದಲು ಒಂದು ವಾರ ನೋಟ್‌ಬುಕ್ ಹಿಡಿದು ಊರು ಸುತ್ತುವುದು ಲೇಸು. ಮೊಬೈಲ್ ಕೆಟ್ಟರೆ ಜನ ಎಷ್ಟು ದೂರ ಹೋಗುತ್ತಾರೆ, ಮಿಕ್ಸಿ ಅಥವಾ ಮೋಟರು ಸುಟ್ಟರೆ ಯಾರನ್ನು ಕರೆಯುತ್ತಾರೆ, ಮದುವೆ ಹಂಗಾಮಿನಲ್ಲಿ ಸೀರೆಗೆ ಕುಚ್ಚು ಕಟ್ಟಿಸಲು ಎಲ್ಲಿಗೆ ಕೊಡುತ್ತಾರೆ, ಹತ್ತಿರದ ಪೇಟೆಯ ಹೋಟೆಲಿಗೆ ಅಣಬೆ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ, ನಿಮ್ಮ ಊರಿಗೆ ಯಾವ ಕಸುಬು ಬೇಕಾಗಿದೆ ಎಂಬುದು ತಾನಾಗಿ ಗೋಚರಿಸುತ್ತದೆ. ಆರ್‌ಸೆಟಿಗಳಲ್ಲಿ ಹೊಲಿಗೆಯ ಜೊತೆಗೆ ಮೊಬೈಲ್ ದುರಸ್ತಿ, ಮನೆ ವೈರಿಂಗ್, ಸಿಸಿಟಿವಿ ಅಳವಡಿಕೆ, ಫೋಟೊಗ್ರಫಿ, ಹೈನುಗಾರಿಕೆ, ಜೇನು ಸಾಕಣೆ, ಅಣಬೆ ಬೇಸಾಯ, ಕಂಪ್ಯೂಟರ್ ಲೆಕ್ಕಪತ್ರ ಮುಂತಾದವುಗಳನ್ನೂ ಕಲಿಸುತ್ತಾರೆ. ಇವುಗಳಲ್ಲಿ ಯಾವುದಕ್ಕೂ ‘ಗಂಡಸರಿಗೆ ಮಾತ್ರ’ ಎಂಬ ಫಲಕ ಇಲ್ಲ. ಹಗಲು ಹೊತ್ತಿನಲ್ಲಿ ಹೆಂಗಸರೇ ಇರುವ ಮನೆಗಳಿಗೆ ವೈರಿಂಗ್ ಸರಿಪಡಿಸಲು ಮಹಿಳೆಯೊಬ್ಬರು ಬರುವುದಾದರೆ ಅದೇ ಅವರಿಗೆ ವ್ಯಾಪಾರದ ಬಲವಾಗಬಹುದು.

ಎರಡನೆಯ ಹೆಜ್ಜೆ: ಸೇರ್ಪಡೆ

ಉಜಿರೆಯಲ್ಲಿ 1982ರಲ್ಲಿ ಧರ್ಮಸ್ಥಳ ಮಂಜುನಾಥೇಶ್ವರ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್ ಜೊತೆಗೂಡಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯನ್ನೇ ಕೇಂದ್ರ ಸರ್ಕಾರ ಮುಂದೆ ದೇಶದ ಜಿಲ್ಲೆಗಳಿಗೆ ವಿಸ್ತರಿಸಿತು. ಈ ಸಂಸ್ಥೆಗಳನ್ನು ಬ್ಯಾಂಕುಗಳು ನಡೆಸುತ್ತವೆ. ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ಕಸುಬಿಗೆ ತಕ್ಕಂತೆ ಹತ್ತು ದಿನದಿಂದ ಒಂದೂವರೆ ತಿಂಗಳವರೆಗೆ ತರಬೇತಿ ಇರುತ್ತದೆ. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ ಮತ್ತು ಭಾವಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳಿ. ಸಂಜೀವಿನಿ ಒಕ್ಕೂಟದ ಸ್ವಸಹಾಯ ಸಂಘದಲ್ಲಿದ್ದರೆ ಅಲ್ಲಿಂದಲೂ ಹೆಸರು ಕಳುಹಿಸಬಹುದು.

ಮೂರನೆಯ ಹೆಜ್ಜೆ: ಮನೆಯ ಗಡಿಯಾರವನ್ನು ಹೊಂದಿಸಿ

ಇದನ್ನು ಯಾವ ಅರ್ಜಿ ನಮೂನೆಯೂ ಕೇಳುವುದಿಲ್ಲ. ಆದರೆ ಹೆಚ್ಚು ಮಂದಿ ಎಡವುವುದು ಇಲ್ಲಿಯೇ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕೆ ದಿನಕ್ಕೆ 299 ನಿಮಿಷ ವ್ಯಯಿಸಿದರೆ, ಅದರಲ್ಲಿ ತೊಡಗಿದ ಪುರುಷರು 97 ನಿಮಿಷ ವ್ಯಯಿಸುತ್ತಿದ್ದರು. ಆ ಕೆಲಸದಲ್ಲಿ ತೊಡಗುವ ಪುರುಷರ ಪ್ರಮಾಣವೇ ಶೇ 26ರಷ್ಟಿತ್ತು. ಈ ಐದು ಗಂಟೆಗಳ ಮೇಲೆ ಹೊಸ ಕಸುಬಿನ ಐದು ಗಂಟೆಗಳನ್ನು ಹೇರಿದರೆ ಅದನ್ನು ಸಬಲೀಕರಣ ಎನ್ನಲಾಗದು, ಅದು ಇಮ್ಮಡಿ ಪಾಳಿ. ಹಾಗಾಗಿ ತರಬೇತಿಗೆ ಹೊರಡುವ ಮೊದಲೇ ಮನೆಯವರೆಲ್ಲರನ್ನೂ ಕೂರಿಸಿಕೊಂಡು, ಬೆಳಗಿನ ಹಾಲು ಕರೆಯುವುದು ಯಾರು, ಮಗುವನ್ನು ಅಂಗನವಾಡಿಗೆ ಬಿಡುವುದು ಯಾರು, ರಾತ್ರಿಯ ಮುದ್ದೆ ತಿರುವುವುದು ಯಾರು ಎಂದು ಹೆಸರು ಹಿಡಿದು ನಿರ್ಧರಿಸಬೇಕು. ‘ಎಲ್ಲರೂ ಸೇರಿ ನೋಡಿಕೊಳ್ಳೋಣ’ ಎಂಬ ಮಾತಿಗೆ ಒಪ್ಪಿಕೊಳ್ಳಬೇಡಿ. ಎಲ್ಲರೂ ಎಂದರೆ ಕೊನೆಗೆ ಅತ್ತೆ ಅಥವಾ ದೊಡ್ಡ ಮಗಳು ಎಂದೇ ಆಗುತ್ತದೆ, ಮಗಳ ಓದು ಅಲ್ಲಿಗೆ ಕುಂಟುತ್ತದೆ. ತೀರಾ ಚಿಕ್ಕ ಮಕ್ಕಳಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ನಡೆಯುತ್ತಿದೆಯೇ, ಅಲ್ಲಿ ಯಾರ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ ಎಂದು ವಿಚಾರಿಸಿ.

ನಾಲ್ಕನೆಯ ಹೆಜ್ಜೆ: ಖಾತೆ, ಯಂತ್ರ, ಸಾಲ ಎಲ್ಲವೂ ನಿಮ್ಮ ಹೆಸರಿನಲ್ಲಿ

ಖಾತೆ ಹೆಂಡತಿಯ ಹೆಸರಿನಲ್ಲಿದ್ದು, ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆ ಗಂಡನದಾಗಿದ್ದರೆ, ಒಟಿಪಿ ಹೋಗುವುದು ಅವರ ಜೇಬಿಗೆ. ಆಗ ಆ ಖಾತೆ ಯಾರದೆಂದು ಬೇರೆ ಹೇಳಬೇಕಾಗಿಲ್ಲ. ಬ್ಯಾಂಕಿಗೆ ಹೋಗಿ ನಿಮ್ಮದೇ ಸಂಖ್ಯೆಯನ್ನು ಜೋಡಿಸಿ. ಹೊಲಿಗೆ ಯಂತ್ರವಾಗಲಿ, ದುರಸ್ತಿ ಉಪಕರಣವಾಗಲಿ, ಬಿಲ್ಲನ್ನು ನಿಮ್ಮ ಹೆಸರಿನಲ್ಲೇ ಬರೆಸಿ ಜೋಪಾನವಾಗಿಡಿ. ಸಣ್ಣ ಉದ್ಯಮಗಳಿಗಾಗಿ ಸರ್ಕಾರದ ಜಾಲತಾಣದಲ್ಲಿ ಮಾಡಿಸುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ಸರ್ಕಾರದ ಜಾಲತಾಣದಂತೆಯೇ ಕಾಣುವ ಖಾಸಗಿ ಜಾಲತಾಣಗಳು ಹಣ ಕೇಳಿದರೆ ಅಲ್ಲಿಂದ ಹೊರಬನ್ನಿ.

ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ದೊರೆಯುತ್ತದೆ. ಜಮೀನಿನ ಪಹಣಿಯಲ್ಲಿ ಹೆಸರಿಲ್ಲದ ಬಹುಪಾಲು ಮಹಿಳೆಯರಿಗೆ ಅಡಮಾನ ಬೇಡ ಎಂಬ ಈ ಒಂದು ಅಂಶವೇ ಮುಖ್ಯ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕ್ ಸಾಲಕ್ಕೆ ಸಹಾಯಧನವೂ ಇದೆ. ಅದರ ವಿವರ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಸಿಗುತ್ತದೆ.

ಕುಲಕಸುಬಿನ ಮನೆಗಳಿಗೆ ಒಂದು ಎಚ್ಚರಿಕೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆ ಕುಂಬಾರಿಕೆ, ಬುಟ್ಟಿ ಹೆಣೆಯುವುದು, ಹೂ ಕಟ್ಟುವುದು, ಹೊಲಿಗೆ, ಗೊಂಬೆ ತಯಾರಿಕೆ ಸೇರಿದಂತೆ 18 ಕಸುಬುಗಳಿಗೆ ಅನ್ವಯಿಸುತ್ತದೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗೆ 15,000 ರೂಪಾಯಿ ನೆರವು ಮತ್ತು ಮೊದಲ ಕಂತಿನಲ್ಲಿ 1 ಲಕ್ಷ ರೂಪಾಯಿವರೆಗೆ ಶೇ 5ರ ಬಡ್ಡಿಯ ಸಾಲ ಇದರಲ್ಲಿದೆ. ಆದರೆ ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಬುಟ್ಟಿ ಹೆಣೆಯುವವರು ನೀವಾಗಿದ್ದು, ಅದನ್ನು ಸಂತೆಗೆ ಒಯ್ಯುವವರ ಹೆಸರು ನೋಂದಣಿಯಾಗಿಬಿಟ್ಟರೆ ನಿಮ್ಮ ಬಾಗಿಲು ಮುಚ್ಚಿದಂತೆಯೇ. ಈ ಮಾತನ್ನು ಸಾಮಾನ್ಯ ಸೇವಾ ಕೇಂದ್ರಕ್ಕೆ ಹೋಗುವ ಮುನ್ನವೇ ಮನೆಯಲ್ಲಿ ಇತ್ಯರ್ಥ ಮಾಡಿಕೊಳ್ಳಿ.

ಐದನೆಯ ಹೆಜ್ಜೆ: ನಿಮ್ಮ ಸಮಯಕ್ಕೂ ಬೆಲೆ ಕಟ್ಟಿ

ಮನೆಯಲ್ಲೇ ಕುಳಿತು ಮಾಡುವ ಕೆಲಸಕ್ಕೆ ಕೂಲಿ ಹಿಡಿಯುವ ರೂಢಿ ನಮ್ಮಲ್ಲಿಲ್ಲ. ಒಂದು ಅಳತೆಗೋಲು ಬೇಕೆಂದರೆ, 2025-26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿ ದಿನಗೂಲಿ 370 ರೂಪಾಯಿ ಇತ್ತು. ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ ಸುಮಾರು 46 ರೂಪಾಯಿ. ಇದನ್ನು ಕುಚ್ಚಿನ ಕೆಲಸಕ್ಕೆ ಹಚ್ಚಿ ನೋಡೋಣ. ಒಂದು ಸೀರೆಗೆ ಐದು ಗಂಟೆ ಹಿಡಿಯುತ್ತದೆ, ದಾರ ಮತ್ತು ಮಣಿಗೆ 80 ರೂಪಾಯಿ, ಸೂಜಿ, ದೀಪ ಇತ್ಯಾದಿಗೆ 20 ರೂಪಾಯಿ ಎಂದಿಟ್ಟುಕೊಂಡರೆ, ಕೂಲಿಯ 230 ರೂಪಾಯಿ ಸೇರಿ ನಿಮ್ಮ ಅಸಲೇ 330 ರೂಪಾಯಿಯಾಯಿತು. ಅಂಗಡಿಯವರು ‘200 ಕೊಡ್ತೀನಮ್ಮ, ಕೆಲಸ ಬರ್ತಾನೇ ಇರುತ್ತೆ’ ಎಂದರೆ, ನಿಮಗೆ ದಕ್ಕುವುದು ಗಂಟೆಗೆ 20 ರೂಪಾಯಿ ಮಾತ್ರ. ಈ ಲೆಕ್ಕ ಬಾಯಿಪಾಠವಾಗಿದ್ದರೆ ಚೌಕಾಸಿಯಲ್ಲಿ ಎಲ್ಲಿ ನಿಲ್ಲಬೇಕೆಂಬುದು ತಿಳಿಯುತ್ತದೆ. ಅದೇ ಊರಿನ ನಾಲ್ಕಾರು ಮಂದಿ ಕುಚ್ಚು ಕಟ್ಟುವವರು ಸಂಘದ ಸಭೆಯಲ್ಲಿ ಸೇರಿ ಒಂದೇ ದರ ಹೇಳಿದರಂತೂ ಅಂಗಡಿಯವರ ಮಾತಿನ ಧಾಟಿಯೇ ಬದಲಾಗುತ್ತದೆ. ನೆಂಟರಿಗೆ ರಿಯಾಯಿತಿ ಕೊಡುವುದಿದ್ದರೆ ಕೂಲಿಯಲ್ಲಿ ಕೊಡಿ, ದಾರ ಮಣಿಗಳ ಹಣವನ್ನಂತೂ ಬಿಡಬೇಡಿ.

ಬಂದದ್ದು, ಹೋದದ್ದು, ಬಾಕಿ ಎಂಬ ಮೂರು ಕಲಂಗಳ ಪುಸ್ತಕವೊಂದಿದ್ದರೆ ಸಾಕು, ದೊಡ್ಡ ಲೆಕ್ಕಪತ್ರ ಬೇಡ.

ಕೊನೆಯದು: ಸಂಪರ್ಕ ಕಡಿದುಕೊಳ್ಳಬೇಡಿ

ತರಬೇತಿ ಮುಗಿದ ಮೇಲೆ ಎರಡು ವರ್ಷ ಅಭ್ಯರ್ಥಿಗಳ ಬೆನ್ನಿಗಿರಬೇಕೆಂಬುದು ಆರ್‌ಸೆಟಿಗಳ ಕಾರ್ಯಕ್ರಮದಲ್ಲೇ ಸೇರಿದೆ. ಅವರು ಫೋನ್ ಮಾಡಿದಾಗ ‘ಚೆನ್ನಾಗಿದೆ ಸರ್’ ಎಂದು ಮಾತು ಮುಗಿಸುವ ಬದಲು, ಗಿರಾಕಿ ಕಡಿಮೆಯಾಗಿದ್ದರೆ, ಸಾಲದ ಅರ್ಜಿ ಬ್ಯಾಂಕಿನ ಮೇಜಿನ ಮೇಲೇ ಉಳಿದಿದ್ದರೆ, ಅದನ್ನೇ ನೇರವಾಗಿ ಹೇಳಿ. ಆ ಸಂಸ್ಥೆಯನ್ನು ನಡೆಸುವುದೇ ಬ್ಯಾಂಕಾದ್ದರಿಂದ ಅವರ ಮಾತಿಗೆ ಅಲ್ಲಿ ತೂಕವಿರುತ್ತದೆ. ಕಂತು ಕಟ್ಟುವುದು ಕಷ್ಟವಾಗಬಹುದೆಂದು ಕಂಡ ಕೂಡಲೇ, ತಪ್ಪುವ ಮೊದಲೇ, ಆ ಮೂರು ಕಲಂಗಳ ಪುಸ್ತಕ ಹಿಡಿದು ಶಾಖೆಗೆ ಹೋಗಿ. ಬಾಕಿ 90 ದಿನ ದಾಟಿದರೆ ಬ್ಯಾಂಕು ಅದನ್ನು ಅನುತ್ಪಾದಕ ಸಾಲವೆಂದು ಬರೆದುಕೊಳ್ಳುತ್ತದೆ, ಆ ಮೇಲೆ ಎರಡನೆಯ ಸಾಲ ಕೇಳುವುದು ಬಹಳ ಕಷ್ಟ.