ಸ್ನಾರ್ಕೆಲ್ ಕೊನೆಯ ಕೆಲಸ: ಥಾರ್ ಅನ್ನು ಹೊಳೆ ದಾಟಲು ಸಜ್ಜು ಮಾಡುವುದು

ಬಾನೆಟ್ ಪಕ್ಕದಿಂದ ಸ್ನಾರ್ಕೆಲ್ ಎಂಬ ಕರಿ ಕೊಳವೆಯೊಂದು ಛಾವಣಿಯವರೆಗೆ ಎದ್ದು ನಿಂತರೆ ಗಾಡಿಗೆ ಗತ್ತು ಬರುತ್ತದೆ, ಸುಳ್ಳಲ್ಲ. ಆದರೆ ಆ ಕೊಳವೆ ಕಾಯುವುದು ಎಂಜಿನ್ನಿನ ಉಸಿರನ್ನು ಮಾತ್ರ. ಎರಡು ಡಿಫರೆನ್ಶಿಯಲ್ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ), ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ (ಮುಂದಿನ-ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವುದು), ಡೀಸೆಲ್ ಟ್ಯಾಂಕು, ಸ್ಟಾರ್ಟರ್ ಎಲ್ಲವೂ ಅದಕ್ಕಿಂತ ಎಷ್ಟೋ ಕೆಳಗೆ ನೀರಲ್ಲೇ ಮುಳುಗಿರುತ್ತವೆ. ಮಲೆನಾಡಿನ ಹಳ್ಳ ದಾಟಿ ಬಂದ ಗಾಡಿಗಳಲ್ಲಿ ಮೊದಲು ಕೆಡುವುದು ಸಾಮಾನ್ಯವಾಗಿ ಎಂಜಿನ್ ಅಲ್ಲ, ಹಿಂದಿನ ಆ್ಯಕ್ಸಲ್ಲಿನ ಎಣ್ಣೆ. ಹಾಗಾಗಿ ಬ್ರೀದರ್ (ಈ ಗೇರ್ ಪೆಟ್ಟಿಗೆಗಳೊಳಗಿನ ಗಾಳಿ ಹೋಗಿಬರುವ ಕಿಂಡಿ) ಮೊದಲು, ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಪೆಟ್ಟಿಗೆ) ಆಮೇಲೆ, ವಿದ್ಯುತ್ ಜೋಡಣೆ ಅದರ ನಂತರ, ಸ್ನಾರ್ಕೆಲ್ ಕೊನೆಗೆ. ದುಡ್ಡು ಕಮ್ಮಿಯಿದ್ದರೂ ಇದೇ ಕ್ರಮ. ಬ್ರೀದರ್ ಕೆಲಸ ಸ್ನಾರ್ಕೆಲ್ಲಿಗಿಂತ ಎಷ್ಟೋ ಅಗ್ಗ.

ಇಲ್ಲಿನ ವಿವರಗಳು 2020ರ ಅಕ್ಟೋಬರ್‌ನಲ್ಲಿ ಬಂದ ಎರಡನೇ ತಲೆಮಾರಿನ ಮಹೀಂದ್ರಾ ಥಾರ್ ಡೀಸೆಲ್ಲನ್ನು ಕಣ್ಣಮುಂದಿಟ್ಟು ಬರೆದವು. ಕಂಪನಿ ಹೇಳುವ ನೀರಿನ ಆಳ 650 ಮಿ.ಮೀ., ಅಂದರೆ ಸಾಧಾರಣ ಎತ್ತರದ ಮನುಷ್ಯನ ತೊಡೆಯ ಮಧ್ಯದವರೆಗೆ. ಕಾರ್ಖಾನೆಯಿಂದಲೇ ಸ್ನಾರ್ಕೆಲ್ ಹೊತ್ತು ಬರುವ ಫೋರ್ಸ್ ಗೂರ್ಖಾಕ್ಕೂ ಕಂಪನಿ ಹೇಳುವುದು 700 ಮಿ.ಮೀ. ಮಾತ್ರ. ಕೊಳವೆಯ ಬಾಯಿ ಛಾವಣಿ ಮಟ್ಟದಲ್ಲಿದ್ದರೂ ಆಳ ಅಷ್ಟಕ್ಕೇ ನಿಲ್ಲುವುದೇಕೆ ಎಂಬುದಕ್ಕೆ ಲೆಕ್ಕ ಸರಳ. ಕ್ಯಾಬಿನ್ನಿನ ತಳ 3 ಮೀಟರ್ ಉದ್ದ, 1.5 ಮೀಟರ್ ಅಗಲ ಎಂದಿಟ್ಟುಕೊಳ್ಳಿ. ಆ ತಳದಿಂದ ಮೇಲೆ 10 ಸೆಂ.ಮೀ. ನೀರು ಏರಿದರೆ ಸುಮಾರು 450 ಕಿಲೋ ಭಾರವನ್ನು ನೀರೇ ಎತ್ತಿ ಹಿಡಿಯುತ್ತದೆ. ಬಾಗಿಲ ಸಂದಿಯಿಂದ ನೀರು ಒಳಗೆ ತುಂಬುವವರೆಗೆ ಗಾಡಿ ಅರೆದೋಣಿ. ಟೈರಿಗೆ ನೆಲದ ಹಿಡಿತವಿಲ್ಲ, ಸೆಳವು ಪಕ್ಕದಿಂದ ತಳ್ಳುತ್ತಿರುತ್ತದೆ. ಇದಕ್ಕೆ ಯಾವ ಕೊಳವೆಯೂ ಮದ್ದಲ್ಲ.

ಬ್ರೀದರ್‌ಗಳು

ಒಂದು ಗಂಟೆ ಓಡಿದ ಡಿಫರೆನ್ಶಿಯಲ್ಲಿನ ಎಣ್ಣೆ 80-90 ಡಿಗ್ರಿ ಕಾದಿರುತ್ತದೆ. ಅದು ಒಮ್ಮೆಲೇ 20 ಡಿಗ್ರಿಯ ಹಳ್ಳದ ನೀರಿಗೆ ಇಳಿದರೆ ಒಳಗಿನ ಗಾಳಿ ಹೆಚ್ಚುಕಡಿಮೆ ಐದರಲ್ಲೊಂದು ಭಾಗ ಕುಗ್ಗಲು ನೋಡುತ್ತದೆ. ಆ ಜಾಗ ತುಂಬಲು ಎಲ್ಲಿಂದಾದರೂ ಏನಾದರೂ ಒಳಗೆ ಬರಲೇಬೇಕು. ಬ್ರೀದರ್ ತುದಿ ನೀರೊಳಗಿದ್ದರೆ, ಇಲ್ಲವೇ ಕೆಸರಿನಿಂದ ಕಟ್ಟಿಕೊಂಡಿದ್ದರೆ, ನೀರು ಬರುವುದು ಆ್ಯಕ್ಸಲ್ ಸೀಲ್‌ನ ತುಟಿ ದಾಟಿ. ಎಣ್ಣೆ ಹೊರಗೆ ಸೋರದಂತೆ ತಡೆಯಲು ಮಾಡಿದ ಸೀಲ್ ಅದು. ಹೊರಗಿನ ನೀರನ್ನು ತಡೆಯುವುದರಲ್ಲಿ ಅಷ್ಟು ಗಟ್ಟಿಯಲ್ಲ.

ಬೇಕಾಗುವುದು: 8 ಮಿ.ಮೀ. ಒಳವ್ಯಾಸದ ಎಣ್ಣೆ ತಡೆಯುವ ನೈಟ್ರೈಲ್ ಹೋಸ್ 8ರಿಂದ 10 ಮೀಟರ್, ಹೋಸ್ ಕಚ್ಚಿ ಹಿಡಿಯುವ ನಾಲ್ಕು ಬಾರ್ಬ್ ಫಿಟ್ಟಿಂಗ್ (ಎರಡೂ ಡಿಫರೆನ್ಶಿಯಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸಿಗೆ ಒಂದೊಂದು), ನಾಲ್ಕು ದಾರಿಯ ಅಲ್ಯುಮಿನಿಯಂ ಮ್ಯಾನಿಫೋಲ್ಡ್, ಒಂದು ಚಿಕ್ಕ ಬ್ರೀದರ್ ಫಿಲ್ಟರ್, ಹೋಸ್ ಕ್ಲಿಪ್, ಕೇಬಲ್ ಟೈ. ಅಕ್ವೇರಿಯಂ ಅಂಗಡಿಯ ಪಾರದರ್ಶಕ ಪಿವಿಸಿ ಪೈಪು ಬೇಡ, ಗೇರ್ ಎಣ್ಣೆಯ ಆವಿಗೆ ಕೆಲವೇ ತಿಂಗಳಲ್ಲಿ ಗಟ್ಟಿಯಾಗಿ ಒಡೆಯುತ್ತದೆ. ಫಿಟ್ಟಿಂಗ್‌ನ ಥ್ರೆಡ್ಡನ್ನು ಅಂದಾಜಿನಲ್ಲಿ ತರಬೇಡಿ. ಹಳೆಯ ಬ್ರೀದರ್ ಬಿಚ್ಚಿ, ಪಿಚ್ ಗೇಜಿನಲ್ಲಿ ಅಳೆದು ತನ್ನಿ.

ಬಿಚ್ಚುವ ಮೊದಲು ಸುತ್ತಲಿನ ಮಣ್ಣನ್ನು ಬ್ರಷ್ಷಿನಿಂದ ಉಜ್ಜಿ, ಗಾಳಿ ಊದಿ ತೆಗೆಯಿರಿ. ಇಲ್ಲದಿದ್ದರೆ ಆ ಮಣ್ಣೇ ಗೇರಿನ ಮೇಲೆ ಉದುರುತ್ತದೆ. ಒನ್‌ವೇ ಮುಚ್ಚಳದ ಮೂಲ ಬ್ರೀದರ್ ತೆಗೆದು ಬಾರ್ಬ್ ಕೂರಿಸಿ. ಥಾರ್‌ನ ಮುಂದಿನ ಡಿಫರೆನ್ಶಿಯಲ್ ಚಾಸಿಗೇ ಬಿಗಿದಿರುವುದರಿಂದ ಅದರ ಹೋಸ್ ಸಡಿಲ ಬಿಡಬೇಕಿಲ್ಲ. ಹಿಂದಿನದು ಗಟ್ಟಿ ಆ್ಯಕ್ಸಲ್, ಚಕ್ರದೊಂದಿಗೆ ಮೇಲೆ ಕೆಳಗೆ ಆಡುತ್ತದೆ. ಗಾಡಿಯನ್ನು ಚಾಸಿಯಿಂದ ಎತ್ತಿ ಆ್ಯಕ್ಸಲ್ ಪೂರ್ತಿ ಜೋತುಬಿದ್ದಾಗ ಅಳತೆ ತೆಗೆದು, ಅದಕ್ಕೆ ಇನ್ನೊಂದು ಗೇಣು ಸೇರಿಸಿ. ನೆಲದ ಮೇಲೆ ನಿಂತ ಗಾಡಿಯಲ್ಲಿ ಅಳೆದು ಕತ್ತರಿಸಿದ ಹೋಸ್ ಮೊದಲ ಗುಂಡಿಯಲ್ಲೇ ಕಿತ್ತುಬರುತ್ತದೆ, ಅದು ಹೊಳೆ ನಡುವೆ ನಿಮಗೆ ತಿಳಿಯುವುದೂ ಇಲ್ಲ.

ಹೋಸ್ ಸಾಗುವ ದಾರಿ ಉದ್ದಕ್ಕೂ ಏರುಮುಖವಾಗಿರಲಿ. ನಡುವೆ ಎಲ್ಲಾದರೂ ಜೋಲು ಬಿದ್ದರೆ ಅಲ್ಲಿ ಎಣ್ಣೆ ನಿಂತು ಬಿರಡೆಯಾಗುತ್ತದೆ. ಎಕ್ಸಾಸ್ಟಿನಿಂದ ಕನಿಷ್ಠ 10 ಸೆಂ.ಮೀ. ದೂರವಿಡಿ. ನಾಲ್ಕೂ ಎಳೆಗಳನ್ನು ಫೈರ್‌ವಾಲ್‌ನ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆ) ಮೇಲಂಚಿನಲ್ಲಿ ಮ್ಯಾನಿಫೋಲ್ಡಿಗೆ ಸೇರಿಸಿ ಫಿಲ್ಟರ್ ಹಾಕಿ. ಆಟೊಮ್ಯಾಟಿಕ್ ಗಾಡಿಯಾದರೆ ಗೇರ್‌ಬಾಕ್ಸ್ ಬ್ರೀದರಿಗೆ ಪ್ರತ್ಯೇಕ ಎಳೆ ಒಳ್ಳೆಯದು. ಅದರೊಳಗಿನ ಘರ್ಷಣೆ ಪದರಗಳಿಗೆ ನೀರು ತಾಗಿದರೆ ರಿಪೇರಿ ಬಿಲ್ಲು ಜೇಬು ಸುಡುತ್ತದೆ. ಟ್ಯಾಂಕಿನ ಗಾಳಿ ನಳಿಗೆ ಎಲ್ಲಿ ಕೊನೆಗೊಳ್ಳುತ್ತದೆಂದು ಒಮ್ಮೆ ನೋಡಿ. ಪೆಟ್ರೋಲ್ ಥಾರ್‌ನಲ್ಲಿ ಅದು ಆವಿ ಹೀರುವ ಕ್ಯಾನಿಸ್ಟರಿಗೆ ಸೇರುವುದರಿಂದ ಕೈ ಹಾಕಬೇಡಿ.

ಏರ್‌ಬಾಕ್ಸ್

ಎಂಜಿನ್ 2,184 ಸಿಸಿ, ನಾಲ್ಕು ಸಿಲಿಂಡರ್. ಒಂದೊಂದಕ್ಕೆ 546 ಸಿಸಿ. ಕಂಪ್ರೆಶನ್ ಅನುಪಾತ 16:1ರ ಆಸುಪಾಸು ಎಂದರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ 35 ಮಿ.ಲೀ. ಅಷ್ಟೇ. ಎರಡೂವರೆ ದೊಡ್ಡ ಚಮಚ ನೀರು! ನೀರನ್ನು ಒತ್ತಿ ಕುಗ್ಗಿಸಲಾಗದು, ಹಾಗಾಗಿ ಬಾಗುವುದು ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡ್. ಸ್ನಾರ್ಕೆಲ್ ಎಷ್ಟು ಎತ್ತರವಿದ್ದರೂ ಏರ್‌ಬಾಕ್ಸಿನ ಕೆಳಗಿನ ಡ್ರೇನ್ ರಂಧ್ರ ತೆರೆದಿದ್ದರೆ ಎಂಜಿನ್ ಅಲ್ಲಿಂದಲೇ ನೀರು ಕುಡಿಯುತ್ತದೆ. ಅನೇಕರು ಮರೆಯುವುದು ಇದನ್ನೇ.

ಆ ರಂಧ್ರಕ್ಕೆ ಬಾತುಕೋಳಿ ಕೊಕ್ಕಿನಂತೆ ಮುಚ್ಚಿಕೊಳ್ಳುವ ರಬ್ಬರ್ ವಾಲ್ವ್ ಇದ್ದರೆ ತೆಗೆದು ಗಟ್ಟಿ ರಬ್ಬರ್ ಬಿರಡೆ ಹಾಕಿ. ಅಂಟು ಸುರಿದು ಶಾಶ್ವತವಾಗಿ ಮುಚ್ಚುವುದಕ್ಕಿಂತ ಬಿಚ್ಚಬಹುದಾದ ಬಿರಡೆ ವಾಸಿ, ಯಾಕೆಂದರೆ ಮಳೆಯಲ್ಲಿ ಸ್ನಾರ್ಕೆಲ್ ತಲೆಯಿಂದ ಇಳಿದ ಹನಿಗಳು ಇನ್ನು ಮುಂದೆ ಪೆಟ್ಟಿಗೆಯಲ್ಲೇ ನಿಲ್ಲುತ್ತವೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬಿರಡೆ ತೆಗೆದು ಹರಿಸಿಬಿಡಬೇಕು. ಪೆಟ್ಟಿಗೆಯ ಎರಡು ಭಾಗಗಳನ್ನು ಬೆಸೆದ ಜೋಡಿನ ಮೇಲೆ ಪಾಲಿಯುರೆಥೇನ್ ಸೀಲಂಟ್ ಎಳೆಯಿರಿ. ಮುಚ್ಚಳಕ್ಕೆ ಸೀಲಂಟ್ ಬೇಡ, ಫಿಲ್ಟರ್ ಬದಲಿಸುವಾಗ ಗೋಳು. ಅದರ ಗ್ಯಾಸ್ಕೆಟ್ಟಿಗೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಅಂಟು ಕೊಳ್ಳುವಾಗ ಮೂಸಿ ನೋಡಿ: ವಿನೆಗರ್ ವಾಸನೆಯ ಸಿಲಿಕೋನ್ ಲೋಹವನ್ನು ತಿನ್ನುತ್ತದೆ, ಅದರ ಆವಿ ಗಾಳಿ ಅಳೆಯುವ ಸೆನ್ಸರನ್ನೂ ಕೆಡಿಸಬಲ್ಲದು. ಯಾವ ಅಂಟೇ ಆಗಲಿ, 24 ಗಂಟೆ ಒಣಗದೆ ಎಂಜಿನ್ ಚಾಲೂ ಮಾಡಬೇಡಿ.

ವಿದ್ಯುತ್ತು

ಗಾಡಿಯನ್ನು ಪೂರ್ತಿ ಜಲನಿರೋಧಕ ಮಾಡಲಾಗದು, ಪ್ರಯತ್ನಿಸಲೂ ಬೇಡಿ. ಮುಳುಗುವ ಮಟ್ಟದ ಕನೆಕ್ಟರ್‌ಗಳನ್ನಷ್ಟೇ ಬಿಚ್ಚಿ, ಒಣಗಿಸಿ, ರಬ್ಬರ್ ಸೀಲಿಗೆ ಡೈಎಲೆಕ್ಟ್ರಿಕ್ (ವಿದ್ಯುತ್ ಹರಿಯಲು ಬಿಡದ) ಗ್ರೀಸ್ ಸವರಿ ಮತ್ತೆ ಹಾಕಿ. ಕನೆಕ್ಟರಿನೊಳಗೆ ಸಿಲಿಕೋನ್ ತುಂಬಿಸಿದರೆ ಮುಂದೆ ದೋಷ ಹುಡುಕುವ ಎಲೆಕ್ಟ್ರಿಷಿಯನ್ ನಿಮ್ಮನ್ನು ಶಪಿಸುತ್ತಾನೆ. ನೀವೇ ಸೇರಿಸಿದ ಲೈಟು, ವಿಂಚ್ ತಂತಿಗಳ ಜೋಡುಗಳಿಗೆ ಒಳಗೆ ಅಂಟಿರುವ ಹೀಟ್‌ಶ್ರಿಂಕ್ ಹಾಕಿ. ಕರಿ ಟೇಪು ನೀರನ್ನು ತಡೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ.

ಸ್ನಾರ್ಕೆಲ್ ಕೂರಿಸುವುದು

ಬಿಸಿಲಿಗೆ ತಡೆಯುವ ಪಾಲಿಎಥಿಲೀನ್ ಸ್ನಾರ್ಕೆಲ್ ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಅಗ್ಗದ ಎಬಿಎಸ್ ನಕಲು ಕೊಂಬೆ ತಾಗಿದರೆ ಸೀಳುತ್ತದೆ. ಒಳವ್ಯಾಸ ಮೂಲ ಗಾಳಿ ಬಾಯಿಗಿಂತ ಕಿರಿದಾಗಿರಬಾರದು.

ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಫೆಂಡರಿನ (ಮುಂದಿನ ಚಕ್ರದ ಮೇಲಿನ ತಗಡು) ಒಳಹೊದಿಕೆ ತೆಗೆಯಿರಿ. ಫೆಂಡರಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಅದರ ಮೇಲೆ ಕಾಗದದ ಅಚ್ಚು ಇಡಿ. ಇನ್ನೂ ಕೊರೆಯಬೇಡಿ. ಸ್ನಾರ್ಕೆಲ್ಲನ್ನೇ ಎತ್ತಿ ಹಿಡಿದು ಮುಂದಿನ ಗಾಜಿನ ಪಕ್ಕದ ಕಂಬಕ್ಕೆ ಸರಿಯಾಗಿ ಕೂರುತ್ತದೆಯೇ, ಬಾನೆಟ್ ಮತ್ತು ಬಾಗಿಲು ಪೂರ್ತಿ ತೆರೆಯುತ್ತವೆಯೇ ನೋಡಿ. ಅಚ್ಚು 5 ಮಿ.ಮೀ. ತಪ್ಪಿದರೂ ಮೇಲಿನ ತುದಿ ಕಂಬದಿಂದ ಎರಡು ಬೆರಳು ದೂರ ನಿಲ್ಲುತ್ತದೆ. ಚಾಲಕನ ಕಡೆ ಬರುವುದಾದರೆ ಸೀಟಿನಲ್ಲಿ ಕೂತು ನೋಟಕ್ಕೆ ಎಷ್ಟು ಅಡ್ಡಿಯೆಂದು ಕೂಡ ನೋಡಿ.

ಮೊದಲು 3 ಮಿ.ಮೀ. ಪೈಲಟ್ ರಂಧ್ರ, ಆಮೇಲೆ ಬೋಲ್ಟ್ ರಂಧ್ರಗಳು, ಕೊನೆಗೆ ದೊಡ್ಡ ರಂಧ್ರಕ್ಕೆ ಹೋಲ್ ಸಾ (ಉರುಟು ಗರಗಸ). ಡ್ರಿಲ್ ನಿಧಾನವಾಗಿ ತಿರುಗಲಿ, ಒತ್ತಡ ಕಡಿಮೆಯಿರಲಿ. ತಗಡು ತೆಳು, ಒತ್ತಿದರೆ ಸುಕ್ಕಾಗುತ್ತದೆ. ಕಂಬದಲ್ಲಿ ಕೊರೆಯುವಾಗ ಡ್ರಿಲ್ ಬಿಟ್‌ಗೆ ತುದಿಯಿಂದ 8 ಮಿ.ಮೀ. ಬಿಟ್ಟು ಟೇಪ್ ಸುತ್ತಿಕೊಳ್ಳಿ, ಒಳಗೆ ತಂತಿಗಳಿರಬಹುದು. ಅಂಚುಗಳನ್ನು ಅರದಿಂದ ನಯಗೊಳಿಸಿ, ಚೂರುಗಳನ್ನು ಅಯಸ್ಕಾಂತದಿಂದ ಎತ್ತಿ, ಸತುವಿನ ಪ್ರೈಮರ್ ಎರಡು ಕೈ, ಅದರ ಮೇಲೆ ಬಣ್ಣ. ಈ ಹೆಜ್ಜೆ ಹಾರಿಸಿದರೆ ಒಂದು ಮಳೆಗಾಲ ಕಳೆಯುವುದರೊಳಗೆ ಬೋಲ್ಟಿನ ಸುತ್ತ ತುಕ್ಕಿನ ಕಣ್ಣೀರು.

ಸ್ನಾರ್ಕೆಲ್ಲಿನ ಸ್ಟಡ್‌ಗಳನ್ನು ಕೈಬಿಗಿಯ ಮೇಲೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಪ್ಲಾಸ್ಟಿಕ್ಕಿನೊಳಗಿನ ಹಿತ್ತಾಳೆ ನಟ್ ಕಿತ್ತು ಸುತ್ತತೊಡಗಿದರೆ ಸರಿಪಡಿಸುವುದು ಕಷ್ಟ. ಸ್ನಾರ್ಕೆಲ್‌ನಿಂದ ಏರ್‌ಬಾಕ್ಸಿಗೆ ಬಟ್ಟೆ ಪದರದ ಸಿಲಿಕೋನ್ ಹೋಸ್ ಬೇಕು, ಸುರುಳಿ ಡಕ್ಟ್ ಎಂಜಿನ್ನಿನ ಸೆಳೆತಕ್ಕೆ ಕುಸಿಯುತ್ತದೆ. ಎರಡೂ ತುದಿಗೆ ಟಿ-ಬೋಲ್ಟ್ ಕ್ಲಾಂಪ್.

ಈಗ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿರುವಾಗ ಪ್ರತಿ ಜೋಡಿನ ಬಳಿ ಊದುಬತ್ತಿ ಹಿಡಿಯಿರಿ. ಹೊಗೆ ಎಲ್ಲಿ ಒಳಕ್ಕೆ ಎಳೆಯುತ್ತದೋ ಅಲ್ಲಿ ಸೋರಿಕೆ. ಪೆಟ್ರೋಲ್ ವಾಸನೆ, ಡೀಸೆಲ್ ಸೋರಿಕೆ ಇದ್ದಲ್ಲಿ ಈ ಪ್ರಯೋಗ ಬೇಡ. ಆಮೇಲೆ ಸ್ನಾರ್ಕೆಲ್ ತಲೆ ತೆಗೆದು ಬಾಯಿಗೆ ರಬ್ಬರ್ ಅಂಟಿಸಿದ ಚಪ್ಪಟೆ ಹಲಗೆ ಒತ್ತಿ. ಕೆಲವೇ ಸೆಕೆಂಡುಗಳಲ್ಲಿ ಎಂಜಿನ್ ಏದುಸಿರು ಬಿಟ್ಟು ನಿಲ್ಲಬೇಕು. ನಿಲ್ಲದೆ ಓಡುತ್ತಲೇ ಇದ್ದರೆ ಗಾಳಿ ಬೇರೆಲ್ಲಿಂದಲೋ ಬರುತ್ತಿದೆ. ಹಾಗಿದ್ದರೆ ನೀರೂ ಬರುತ್ತದೆ. ಬಟ್ಟೆ ಒತ್ತಬೇಡಿ, ಒಳಕ್ಕೆ ಎಳೆದುಕೊಳ್ಳುತ್ತದೆ.

ಗಾಡಿ ಮಾರ್ಪಾಡಿನ ಮಿತಿ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿದೆ. ಕೊರೆಯುವ ಮೊದಲೇ ಆರ್‌ಟಿಒ, ವಾರಂಟಿ ಎರಡನ್ನೂ ವಿಚಾರಿಸಿ. ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇದೆಯೇ ನೋಡಿಕೊಳ್ಳಿ.

ನೀರಿಗೆ ಇಳಿದಾಗ

ನಡೆದು ದಾಟಲಾಗದ ಹೊಳೆಯನ್ನು ಗಾಡಿಯಲ್ಲೂ ದಾಟಬೇಡಿ. ಕೋಲು ಹಿಡಿದು ಚಕ್ರ ಸಾಗುವ ಎರಡೂ ಜಾಡಿನಲ್ಲಿ ನಡೆದು ನೋಡಿ. ಘಟ್ಟದ ಮೇಲೆ ಮಳೆ ಹೊಯ್ಯುತ್ತಿದ್ದರೆ ಇಲ್ಲಿ ಬಿಸಿಲಿದ್ದರೂ ಮಟ್ಟ ಏರಬಹುದು. ದಂಡೆಯ ಕಲ್ಲೊಂದನ್ನು ಗುರುತಿಟ್ಟು ಹತ್ತು ನಿಮಿಷ ಕಾಯಿರಿ. ಅಷ್ಟರಲ್ಲಿ ಆ್ಯಕ್ಸಲ್ಲು, ಎಕ್ಸಾಸ್ಟೂ ತುಸು ಆರುತ್ತವೆ. ಬಿಎಸ್6 ಡೀಸೆಲ್‌ನ ಹೊಗೆ ಫಿಲ್ಟರಿನಲ್ಲಿ ಮಸಿ ಸುಡುವ ಪ್ರಕ್ರಿಯೆ ನಡೆಯುತ್ತಿದ್ದರೆ ಅದು ಮುಗಿದು ತಣ್ಣಗಾಗುವವರೆಗೆ ಇಳಿಯಲೇಬೇಡಿ, ಕಾದ ಫಿಲ್ಟರ್ ತಣ್ಣೀರಿಗೆ ಬಿರಿಯಬಹುದು. ಎಣ್ಣೆ ಸೋರುವ ಗಾಡಿಯನ್ನೂ ಇಳಿಸಬೇಡಿ. ಕೆಳಗಿನ ತೋಟದವರು ಅದೇ ನೀರು ಕುಡಿಯುತ್ತಾರೆ.

ಎಳೆಯುವ ಹಗ್ಗವನ್ನು ಹಿಂದಿನ ಕೊಕ್ಕೆಗೆ ಮೊದಲೇ ಸಿಕ್ಕಿಸಿ, ತುದಿಯನ್ನು ಕಿಟಕಿಯೊಳಗೆ ತಂದಿಟ್ಟುಕೊಳ್ಳಿ. ಎಸಿ ಆರಿಸಿ, ಕಿಟಕಿ ಇಳಿಸಿ, ಸೀಟ್ ಬೆಲ್ಟ್ ಬಿಚ್ಚಿ. ಫೋರ್-ಲೋ (ನಾಲ್ಕೂ ಚಕ್ರ ನಿಧಾನವಾಗಿ ಬಲದಿಂದ ಎಳೆಯುವ ಸ್ಥಾನ), ಮೊದಲ ಅಥವಾ ಎರಡನೇ ಗೇರ್. ಮೆಲ್ಲಗೆ ಇಳಿದು, ನಂತರ ನಡಿಗೆಯ ವೇಗಕ್ಕಿಂತ ತುಸು ಹೆಚ್ಚು. ಮುಂದೆ ಒಂದು ಅಲೆ ಎದ್ದು ಅದರ ಹಿಂದೆ ಬಾನೆಟ್ ಬಳಿ ನೀರು ತಗ್ಗುತ್ತದೆ, ಆ ತಗ್ಗನ್ನು ಬಿಟ್ಟುಕೊಡದಂತೆ ಸಾಗಿ. ನಡುವೆ ಕ್ಲಚ್ ಒತ್ತಬೇಡಿ.

ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡುವ ಆಸೆ ಬಿಡಿ. ಆ ಎರಡನೇ ಸ್ಟಾರ್ಟಿಗೂ ರಾಡ್ ಬಾಗಬಹುದು. ಎಳೆಸಿಕೊಂಡು ದಡಕ್ಕೆ ಬಂದು ಏರ್ ಫಿಲ್ಟರ್ ನೋಡಿ. ಒದ್ದೆಯಾಗಿದ್ದರೆ ಸಿಲಿಂಡರ್ ಬಿಸಿಮಾಡುವ ಗ್ಲೋ ಪ್ಲಗ್ಗುಗಳನ್ನು ಬಿಚ್ಚಿ, ಕ್ರ್ಯಾಂಕ್ ಶಾಫ್ಟನ್ನು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ಣ ಸುತ್ತು ತಿರುಗಿಸಿ ನೀರು ಹೊರಹಾಕಿ.

ದಾಟಿದ ಮೇಲೆ ಬ್ರೇಕನ್ನು ಎರಡು ಮೂರು ಸಲ ಲಘುವಾಗಿ ಒತ್ತುತ್ತ ಒಣಗಿಸಿ. ಮರುದಿನ ಬೆಳಿಗ್ಗೆ, ಗಾಡಿ ಅಲುಗಿಸುವ ಮೊದಲೇ, ಡಿಫರೆನ್ಶಿಯಲ್‌ನ ಡ್ರೇನ್ ಪ್ಲಗ್ಗನ್ನು ಸ್ವಲ್ಪವೇ ಸಡಿಲಿಸಿ. ನೀರು ಎಣ್ಣೆಗಿಂತ ಭಾರ, ರಾತ್ರಿಯಿಡೀ ತಳದಲ್ಲಿ ಕೂತಿರುತ್ತದೆ, ಇದ್ದರೆ ಅದೇ ಮೊದಲು ತೊಟ್ಟಿಕ್ಕುತ್ತದೆ. ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ, ನೂರು ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡಿ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಗ್ರೀಸ್ ತುಂಬುವ ನಿಪ್ಪಲ್ ಇದ್ದರೆ ಹಳೆ ಗ್ರೀಸ್ ಹೊರಬರುವಷ್ಟು ಹೊಸದನ್ನು ಒತ್ತಿ, ರೇಡಿಯೇಟರ್ ಸಂದಿಯ ಕೆಂಪು ಮಣ್ಣನ್ನು ಒಣಗುವ ಮೊದಲೇ ಹಿಂದಿನಿಂದ ಮುಂದಕ್ಕೆ ನೀರು ಬಿಟ್ಟು ತೊಳೆಯಿರಿ.