ಆರು ಮಷೀನಿಗೆ ಆರು ಬಾಬಿನ್ ಕೇಸು

ಗುಳೇದಗುಡ್ಡದ ನಮ್ಮ ಸಂಘದ ಕೋಣೆಯಲ್ಲಿ 6 ಹೊಲಿಗೆ ಮಷೀನುಗಳಿವೆ. ಸರದಿಯ ಮೇಲೆ ಕೂತು ಹೊಲಿಯುವವರು 14 ಮಂದಿ. ಖಣದ ಕುಬಸ, ಮಕ್ಕಳ ಲಂಗ, ಲಗ್ನದ ಹಂಗಾಮು ಬಂದರೆ ಖಣದ ಚೀಲ. ಮಷೀನುಗಳ ಆರೈಕೆ ನಾಲ್ಕು ವರ್ಷದಿಂದ ನನ್ನ ಕೈಯಲ್ಲಿದೆ.

ಇದನ್ನು ನಾನು ಕಲಿತದ್ದೇ ಕೆಟ್ಟುಹೋದ ಒಂದು ಮಷೀನಿನಿಂದ. ಒಂದು ಬೇಸಿಗೆಯಲ್ಲಿ 3ನೇ ನಂಬರಿನ ಮಷೀನು ಕೂತುಬಿಟ್ಟಿತು. ಚಕ್ರ ತಿರುಗಿಸಿದರೆ ಮುಂಗೈ ನೋಯುವಷ್ಟು ಬಿಗಿ. ಮಷೀನ್ ಎಣ್ಣೆ ತೀರಿತ್ತೆಂದು ಯಾರೋ ಮನೆಯಿಂದ ಕುಸುಬಿ ಎಣ್ಣೆ ತಂದು ಬಿಟ್ಟಿದ್ದರು. ನಮ್ಮ ಸೀಮೆಯ ಅಡುಗೆಗೆ ಅದಕ್ಕಿಂತ ಒಳ್ಳೆಯ ಎಣ್ಣೆ ಇಲ್ಲ. ಆದರೆ ಗಾಳಿ ತಾಗುತ್ತ ತಾಗುತ್ತ ಒಣಗಿ ಗಟ್ಟಿಯಾಗುವುದು ಅದರ ಗುಣ. ಬಣ್ಣಕ್ಕೆ, ವಾರ್ನಿಷಿಗೆ ಬಳಸುವುದೂ ಅದಕ್ಕೇ. ಮಷೀನಿನ ತಲೆಯನ್ನು ಹಿಂದಕ್ಕೆ ಮಗುಚಿ ನೋಡಿದಾಗ ಕೀಲುಗಳಲ್ಲೆಲ್ಲ ಹಳದಿ ಅಂಟು, ಆ ಅಂಟಿಗೆ ನೂಲಿನ ಧೂಳು ಮೆತ್ತಿಕೊಂಡಿತ್ತು.

ಮಷೀನನ್ನು ಅಂಗಳಕ್ಕೆ ತಂದೆವು. ಎಣ್ಣೆ ಬಿಡುವ ಪ್ರತಿ ತೂತಿಗೂ ಎರಡೆರಡು ಹನಿ ಸೀಮೆಎಣ್ಣೆ ಹಾಕಿ, ಚಕ್ರವನ್ನು ಕೈಯಿಂದಲೇ ಹಿಂದೆ ಮುಂದೆ ಆಡಿಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಕರಗಿ ಇಳಿದ ಕೊಳೆ ಒರೆಸಿ ಮತ್ತೆ ಹಾಕಿದೆ. ಮೂರನೇ ದಿನ ಚಕ್ರ ಸಲೀಸಾಯಿತು. ಜೋರು ಮಾಡಿ ತಿರುಗಿಸಿದ್ದರೆ ಏನಾದರೂ ಮುರಿಯುತ್ತಿತ್ತು. ಸೀಮೆಎಣ್ಣೆ ಅಂಟಿನ ಜೊತೆ ಇದ್ದಬದ್ದ ಜಿಡ್ಡನ್ನೂ ತೊಳೆದುಬಿಡುತ್ತದೆ. ಹಾಗಾಗಿ ಅದು ಆರಿದ ಮೇಲೆ ಎಲ್ಲ ತೂತಿಗೂ ಬಿಳಿ ಮಷೀನ್ ಎಣ್ಣೆ ಬೀಳಲೇಬೇಕು. ಅಂದಿನಿಂದ ಎಣ್ಣೆ ಬಾಟಲಿ ಅರ್ಧಕ್ಕಿಳಿದರೆ ಇನ್ನೊಂದು ತಂದಿಡುತ್ತೇನೆ.

ಎಣ್ಣೆಗಿಂತ ಹೆಚ್ಚು ಕಾಡಿದ್ದು ಬಾಬಿನ್ ಕೇಸು, ಅಂದರೆ ಕೆಳಗಿನ ದಾರ ಸುತ್ತಿದ ಬಾಬಿನ್ ಕೂರುವ ಲೋಹದ ಪುಟ್ಟ ಡಬ್ಬಿ. ನಿನ್ನೆ ಚಂದ ಹೊಲಿದ ಮಷೀನು ಇವತ್ತು ಬಟ್ಟೆಯ ಕೆಳಗೆ ದಾರದ ಗುಡ್ಡೆ ಹಾಕುತ್ತದೆ, ಇಲ್ಲವೇ ದಾರ ಹರಿಯುತ್ತದೆ. "ಯಕ್ಕಾ, ನಿನ್ನಿ ಯಾರ ಕುಂತಿದ್ರು ಇದರ ಮ್ಯಾಲ?" ಅಂತ ಜಗಳ. ಒಂದು ವಾರ ಪಕ್ಕದಲ್ಲೇ ಕೂತು ನೋಡಿದೆ. ಅವಸರದಲ್ಲಿ ಒಬ್ಬರ ಕೇಸು ಇನ್ನೊಬ್ಬರ ಮಷೀನಿಗೆ ಹೋಗುತ್ತಿತ್ತು. ಅಲ್ಲಿ ಹೊಲಿಗೆ ಕೂಡದಿದ್ದರೆ ಅವರು ಕೇಸಿನ ಸಣ್ಣ ಸ್ಕ್ರೂ ತಿರುವುತ್ತಿದ್ದರು. ಸಂಜೆಯೊಳಗೆ ಆರೂ ಕೇಸುಗಳ ಬಿಗಿ ಆರು ಥರ.

ಉಗುರಿನ ಬಣ್ಣದಿಂದ ಪ್ರತಿ ಮಷೀನಿಗೂ ಅದರ ಕೇಸಿಗೂ ಒಂದೇ ನಂಬರು ಬರೆದೆ. ಬಾಬಿನ್ ಯಾರದ್ದಾದರೂ ಇರಲಿ, ಕೇಸು ಮಾತ್ರ ಮಷೀನು ಬಿಟ್ಟು ಕದಲಬಾರದು. ಕೇಸಿನ ಸ್ಕ್ರೂ ಯಾರೂ ಮುಟ್ಟುವಂತಿಲ್ಲ. ಬಿಗಿ ಸಡಿಲ ಏನಿದ್ದರೂ ಮೇಲಿನ ದಾರದ ಟೆನ್ಷನ್‌ನಲ್ಲೇ. ಚೀಲ ಹೊಲಿಯುವ ದಪ್ಪ ದಾರಕ್ಕೆಂದು ಏಳನೆಯ ಕೇಸು ಕೊಂಡು ಕೆಂಪು ಬಣ್ಣ ಹಚ್ಚಿದೆವು. ನಾನು ಪರೀಕ್ಷಿಸುವುದು ಹೀಗೆ: ಬಾಬಿನ್ ತುಂಬಿದ ಕೇಸನ್ನು ದಾರ ಹಿಡಿದು ತೂಗಬಿಟ್ಟು ಮೆಲ್ಲಗೆ ಜಗ್ಗುತ್ತೇನೆ. ಸ್ವಲ್ಪ ಜಾರಿ ನಿಂತರೆ ಸರಿ. ಸರ್ರನೆ ನೆಲಕ್ಕಿಳಿದರೆ ಮೊದಲು ಕೇಸಿನ ಮೇಲೆ ದಾರ ಒತ್ತಿಹಿಡಿಯುವ ಪಟ್ಟಿಯ ಅಡಿಯ ಧೂಳು ನೋಡುತ್ತೇನೆ, ಕ್ಯಾಲೆಂಡರ್ ಹಾಳೆಯ ಮೂಲೆ ತೂರಿಸಿ ಎಳೆದರೆ ಹೊರಗೆ ಬರುತ್ತದೆ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ದಿನಾ ಕೊನೆಗೆ ಎದ್ದವರು ಸೂಜಿಯನ್ನು ಪೂರ್ತಿ ಮೇಲೆತ್ತಿ, ಕೇಸು ತೆಗೆದು, ಶಟಲ್ಲಿನ (ಮೇಲಿನ ದಾರವನ್ನು ಬಾಬಿನ್ ಸುತ್ತ ಒಯ್ಯುವ ಕೊಕ್ಕೆ) ಎರಡು ಚಿಲಕ ಸರಿಸಿ ಒಳಗಿನ ನೂಲನ್ನು ಬ್ರಷ್‌ನಿಂದ ತೆಗೆಯುತ್ತಾರೆ. ಬಾಯಿಂದ ಊದಬೇಡಿರೆಂದು ಹೇಳಿ ಹೇಳಿ ಸಾಕಾಗಿದೆ: ಉಸಿರಿನ ತೇವ ಕಬ್ಬಿಣಕ್ಕೆ ತುಕ್ಕು ತರುತ್ತದೆ, ಧೂಳು ಇನ್ನೂ ಒಳಗೆ ಸೇರುತ್ತದೆ. ಸೂಜಿ ಪ್ಲೇಟು ಬಿಚ್ಚಿ ಬಟ್ಟೆ ತಳ್ಳುವ ಹಲ್ಲುಗಳ ಸಂದಿ ಕೆದಕುವ ಕೆಲಸ ಶನಿವಾರದ್ದು, ನಾನೇ ಮಾಡುತ್ತೇನೆ. ಕೌದಿಗೆ ಹಳೇ ಸೀರೆ ಜೋಡಿಸಿ ಹೊಲಿದ ವಾರ ಅಲ್ಲಿ ಕಂಬಳಿಯಂತೆ ನೂಲು ಒತ್ತಿ ಕೂತಿರುತ್ತದೆ. ಹಲ್ಲು ಮೇಲೇಳದೆ ಬಟ್ಟೆ ಮುಂದೆ ಸರಿಯುವುದಿಲ್ಲ.

ಶಟಲ್ ಓಡುವ ದಾರಿಗೆ ಒಂದೇ ಹನಿ ಎಣ್ಣೆ. ಆಮೇಲೆ ಚಿಂದಿಯ ಮೇಲೆ ಗೇಣುದ್ದ ಹೊಲಿದು ನೋಡದೆ ಖಣ ಮುಟ್ಟಬಾರದು. ಒಮ್ಮೆ ಹಸಿರು ಖಣದ ಅಂಚಿಗೆ ಎಣ್ಣೆ ಹತ್ತಿ ಅದರ ದುಡ್ಡು ಸಂಘದಿಂದ ಕೊಟ್ಟೆವು. ಈಗ ರಾತ್ರಿ ಮಷೀನಿನ ಪಾದದ ಕೆಳಗೆ ಮಡಿಚಿದ ಚಿಂದಿ ಇಟ್ಟು ಹೋಗುತ್ತೇವೆ, ಇಳಿದ ಎಣ್ಣೆಯನ್ನು ಅದು ಹೀರುತ್ತದೆ.

ಸೂಜಿ ಮಾತ್ರ ಯಾರೂ ಹಂಚಿಕೊಳ್ಳುವುದಿಲ್ಲ. ರೇಷ್ಮೆಗೆ 11ನೇ ನಂಬರು, ಹತ್ತಿಗೆ 14, ಚೀಲಕ್ಕೆ 18, ಪ್ರತಿಯೊಬ್ಬರ ಡಬ್ಬಿಯಲ್ಲೂ ಇರುತ್ತವೆ. ಹೊಲಿಗೆ ಬಿಡುತ್ತಿದೆ ಎಂದು ಯಾರಾದರೂ ಕೂಗಿದರೆ ಮೊದಲು ಸೂಜಿ ಬದಲಿಸಲು ಹೇಳುತ್ತೇನೆ. ಅದರ ಉದ್ದ ಗೆರೆ ಇರುವ ಕಡೆಯಿಂದಲೇ ದಾರ ಪೋಣಿಸಿದ್ದಾರೋ ನೋಡಿ, ಆಮೇಲೇ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದು.