ಮೆಣಸಿನಕಾಯಿ ಇಟ್ಟು ಡಿಗ್ರೀಸ್ ಕಲಿಸಿದ್ದು: ನನ್ನ ಅನುಭವ

ನಾನು ಬ್ಯಾಡಗಿಯಲ್ಲಿ ಟ್ಯೂಷನ್ ನಡೆಸುತ್ತೇನೆ. ಡಿಗ್ರೀಸ್ ಆಫ್ ಕಂಪ್ಯಾರಿಸನ್‌ಗೆ, ಅಂದರೆ ಇಂಗ್ಲಿಷ್‌ನಲ್ಲಿ ಹೋಲಿಸಿ ಹೇಳುವ ಪಾಠಕ್ಕೆ, ಮೆಣಸಿನಕಾಯಿ ತರುತ್ತೇನೆ ಅಂದಾಗ ಪರಿಚಯದ ಮೇಷ್ಟ್ರೊಬ್ಬರು, “ಗ್ರಾಮರ್ ಕಲಸ್ತೀರೋ, ಮಸಾಲಿ ಕುಟ್ತೀರೋ?” ಎಂದು ನಕ್ಕಿದ್ದರು. ಈ ವರ್ಷ ತಮ್ಮ ಮಗನನ್ನು ನನ್ನ ಬ್ಯಾಚಿಗೇ ಹಾಕಿದ್ದಾರೆ.

ಅದಕ್ಕೂ ಮೊದಲು ದುಡ್ಡು ಸುಮ್ನೆ ಹೋಯಿತು. ಟಾಲ್, ಟಾಲರ್, ಟಾಲೆಸ್ಟ್ ಪಟ್ಟಿಯ ಫ್ಲೆಕ್ಸ್‌ಗೆ 500ರ ಆಸುಪಾಸು. ವಿಡಿಯೋ ಪಾಠದ ಪೆನ್‌ಡ್ರೈವ್‌ಗೆ 1000ಕ್ಕೂ ಜಾಸ್ತಿ. ಹುಡುಗರು ಪಟ್ಟಿಯನ್ನು ಮಗ್ಗಿ ಥರ ಒದರುತ್ತಿದ್ದರು. ವಾಕ್ಯ ಮಾಡು ಅಂದರೆ ‘ಮೋರ್ ಟಾಲರ್’ ಅನ್ನೋ ಅದೇ ತಪ್ಪು.

ಚಪ್ಪಾಳೆ ಹೊಡೆದು ಸಿಲೆಬಲ್, ಅಂದರೆ ಪದದ ಉಚ್ಚಾರಣೆಯ ತುಂಡು, ಎಣಿಸೋದು ನಿಮಗೆಲ್ಲ ಗೊತ್ತು: ಒಂದೇ ಚಪ್ಪಾಳೆಯಾದರೆ ಕೊನೆಗೆ ‘-ಅರ್’, ಜಾಸ್ತಿಯಾದರೆ ಸಾಮಾನ್ಯವಾಗಿ ಮುಂದೆ ‘ಮೋರ್’. ನಮ್ಮ ಕಡೆ ಅದು ಕೈಕೊಡುತ್ತದೆ. ಹುಡುಗರ ಬಾಯಲ್ಲಿ ರೆಡ್ ಅನ್ನೋದು ‘ರೆಡ್ಡು’, ಬಿಗ್ ‘ಬಿಗ್ಗು’. ಎರಡು ಚಪ್ಪಾಳೆ ಬಿತ್ತು, ಹಿಂದೆಯೇ ‘ಮೋರ್ ರೆಡ್’ ಬಂತು! ಗದ್ದದ ಕೆಳಗೆ ಕೈ ಇಡಿಸಿ, ಅದು ಎಷ್ಟು ಸಲ ಅಲ್ಲಾಡುತ್ತೆ ಅಂತ ಎಣಿಸಿ ನೋಡಿದೆ. ಆ ‘ಉ’ಗೂ ಗದ್ದ ಅಲ್ಲಾಡಿತು. ಕೊನೆಗೆ ಪದಕ್ಕೆ ಅಂಟಿಸಿದ ಹಾಗೆ ಆಪಲ್ ಸೇರಿಸಿ ಹೇಳಿಸಿದೆ. ರೆಡ್ ಆಪಲ್, ಬಿಗ್ ಆಪಲ್. ‘ಉ’ ತಾನೇ ಬಿದ್ದುಹೋಯಿತು.

ಇನ್ನು ಮೆಣಸಿನಕಾಯಿ. ಮೇಜಿನ ಮೇಲೆ ಮೂರು ಥರದ ಕಾಯಿ: ಬ್ಯಾಡಗಿ ಕಡ್ಡಿ, ಬ್ಯಾಡಗಿ ಡಬ್ಬಿ, ಗುಂಟೂರು. ಗುಂಟೂರು ಈಸ್ ಹಾಟರ್, ಬ್ಯಾಡಗಿ ಈಸ್ ರೆಡ್ಡರ್, ಕಡ್ಡಿ ಈಸ್ ಥಿನ್ನರ್, ಡಬ್ಬಿ ಈಸ್ ಫ್ಯಾಟರ್. ಸ್ಪೆಲಿಂಗ್‌ನಲ್ಲಿ ಕೊನೆಯ ಅಕ್ಷರ ಎರಡಾಗುವ (hot–hotter) ನಾಲ್ಕು ಪದ ಒಂದೇ ತಟ್ಟೆಯಲ್ಲಿ ಸಿಕ್ಕವು. ಯಾವ ಫ್ಲೆಕ್ಸ್ ಕೊಡುತ್ತೆ ಇದನ್ನ? ರೇಟಿನ ಮಾತು ಬಂದಾಗ ‘ಮೋರ್ ಎಕ್ಸ್‌ಪೆನ್ಸಿವ್’ ಅವರೇ ಹೇಳಿದರು, ಮಾರ್ಕೆಟ್ ಮಕ್ಕಳಲ್ವಾ.

ಕನ್ನಡದ ‘ಡಬ್ಬಿಗಿಂತ ಕಡ್ಡಿ’ ಥರ ‘ಡಬ್ಬಿ ದ್ಯಾನ್ ಕಡ್ಡಿ’ ಎಂದು ತಿರುಗಿಸಿ ಹೇಳುವ ರೋಗಕ್ಕೆ ‘ದ್ಯಾನ್’ ಬರೆದ ಚೀಟಿಯನ್ನು ಎರಡು ಕಾಯಿಗಳ ನಡುವೆ ಇಟ್ಟೆ. ಎಡದಿಂದ ಬಲಕ್ಕೆ ಬೆರಳಿಟ್ಟು ಓದಿದರೆ ಮುಗೀತು. ಕ್ಲೆವರ್, ನ್ಯಾರೋ ಥರದವಕ್ಕೆ ‘-ಅರ್’, ‘ಮೋರ್’ ಎರಡೂ ರೂಪ ನಡೆಯುತ್ತವೆ, ತಲೆ ಕೆಡಿಸಿಕೊಳ್ಳಬೇಡಿ.

‘ದಿ ಲಾಂಗೆಸ್ಟ್‌’ಗೆ ಹುಬ್ಬಳ್ಳಿ ಪ್ಲಾಟ್‌ಫಾರ್ಮ್ ಹಿಡಿದೆ. ನಮ್ಮದು 1507 ಮೀಟರ್, ಗೋರಖಪುರದ್ದು 1366. ಚೆನ್ನಾಗಿ ನಡೀತು. ‘ಸ್ವೀಟರ್’ ಕಲಿಸಲು ಧಾರವಾಡ ಪೇಡೆ ತಂದದ್ದು ಮಾತ್ರ ದಂಡ, ‘ಸ್ವೀಟೆಸ್ಟ್’ ಬರೋದರೊಳಗೆ ಬಾಕ್ಸ್ ಖಾಲಿ.

ಗುಡ್-ಬೆಟರ್-ಬೆಸ್ಟ್, ಬ್ಯಾಡ್-ವರ್ಸ್-ವರ್ಸ್ಟ್‌ಗೆ ಬೇರೆ ಆಟ ಇದೆ. ಅದನ್ನು ಇಲ್ಲಿ ಬರೆಯೋಲ್ಲ, ನಮ್ಮ ಹೊಟ್ಟೆಪಾಡೂ ನಡೀಬೇಕಲ್ವಾ?

ಮಾಡಿ ನೋಡುವವರು ಕಾಲು ಕೆಜಿ ತನ್ನಿ, ಸಾಕು. ಇಡೀ ಕಾಯಿಯನ್ನೇ ಕೊಡಿ. ಮುರಿದರೆ ಘಾಟಿಗೆ ಬ್ಯಾಚೆಲ್ಲ ಸೀನುತ್ತದೆ. ಪಾಠ ಮುಗಿದ ಮೇಲೆ ಮನೆಯ ಸಾರಿಗೆ ಆಗುತ್ತೆ, ಹಾಗಾಗಿ ಖರ್ಚಿನ ಲೆಕ್ಕಕ್ಕೆ ನಾನು ಅದನ್ನು ಹಿಡಿಯೋದೇ ಇಲ್ಲ.